ಹನ್ನೆರಡು ಕಿವುಡು ಸೆನ್ಸರ್

ಮಾರ್ಚ್ ೧೪, ಗುರುವಾರ

"ಕೆಂಪು ಚುಕ್ಕೆ ನೋಡು, ಬೆಸುಗೆ ಹಾಕು. ಮಿಕ್ಕಿದ್ದೆಲ್ಲ ನಿಂಗ್ಯಾಕಮ್ಮ?" ಸೂಪರ್‌ವೈಸರ್ ಹೇಳಿದ ಈ ಮಾತು ಇನ್ನೂ ಕುಟುಕುತ್ತಿದೆ.

ಚುಕ್ಕೆ ನೋಡಿಯೇ ಬೆಸೆದಿದ್ದೆ. ಆಳ ಅಳೆಯಲು ಹಡಗಿಗೆ ಕೂರಿಸುವ ಹನ್ನೆರಡು ಸೆನ್ಸರನ್ನೂ ಹೆಬ್ಬೆರಳಿಂದ ಒತ್ತಿ ನೋಡಿದರೆ, ಒತ್ತಿದೊಡನೆ ವಿದ್ಯುತ್ ಹುಟ್ಟಿ ಅಲುಗಬೇಕಾದ ಮೀಟರಿನ ಮುಳ್ಳು ಅಲುಗಲೇ ಇಲ್ಲ. ಒಳಗಿನ ಜೋಡಿ ಪಿಂಗಾಣಿ ಬಿಲ್ಲೆಗಳಲ್ಲಿ ಒಂದಕ್ಕೆ, ಪ್ಲಸ್ ಬದಿ ತೋರಿಸುವ ಚುಕ್ಕೆಯನ್ನೇ ತಪ್ಪು ಮುಖಕ್ಕೆ ಇಟ್ಟು ಕಳಿಸಿದ್ದಾರೆ ಬಿಲ್ಲೆ ಮಾಡಿದ ಮಹಾನುಭಾವರು! ಒಂದರ ದನಿಯನ್ನು ಇನ್ನೊಂದು ನುಂಗುತ್ತದೆ. ಸಮುದ್ರದ ತಳದಿಂದ ಮರಳುವ ಸದ್ದು ಇವಕ್ಕೆ ಕೇಳುವುದುಂಟೆ?

"ನಾಳೆ ಹಡಗು ಹೊರಡತ್ತೆ, ಸುಮ್ನೆ ಪ್ಯಾಕ್ ಮಾಡು" ಎಂದು ಸೂಪರ್‌ವೈಸರ್ ಊಟಕ್ಕೆ ಹೋದರು. ನಾನು ಹನ್ನೆರಡರ ತಂತಿಯನ್ನೂ ಕತ್ತರಿಸಿ, ಅವರ ಮೇಜಿನ ಮೇಲೆ ಸಾಲಾಗಿಟ್ಟು, ನನ್ನ ಹೆಸರಿನ ಚೀಟಿ ಅಂಟಿಸಿದೆ.

"ಕೆಲಸ ಹೋದ್ರೆ ಏನೇ ಮಾಡ್ತೀಯ?" ಎಂದಳು ಅಮ್ಮ, ಮನೆಗೆ ಬಂದು ಹೇಳಿದಾಗ.

ಹೋದರೆ ಹೋಗಲಿ. ಹೆಬ್ಬೆರಳನ್ನಂತೂ ಕೊಟ್ಟು ಬಂದಿಲ್ಲ.