ಒಂಬತ್ತನೆಯ ರುಮಾಲಿನಲ್ಲಿ ಅವ್ವ

ರಬಕವಿ
ತಾ. ೧೧-೩-೧೯೮೭

ಅಣ್ಣ ಶಿದ್ರಾಮಪ್ಪನಿಗೆ ತಂಗಿ ಇಂದ್ರವ್ವನ ಶರಣು.

ಇಲ್ಲಿ ನಾವೆಲ್ಲ ಇದ್ದಂತೆ ಇದ್ದೇವೆ. ಬೀಳಗಿಯಲ್ಲಿ ನೀನು, ವೈನಿ, ಮಕ್ಕಳು ಚೆನ್ನಾಗಿದ್ದರೆ ಅಷ್ಟೇ ಸಾಕು. ನಿನ್ನ ಎರಡು ಕಾರ್ಡು ಬಂದು ಬಹಳ ದಿನವಾಯಿತು. ತಂಗಿ ಉತ್ತರ ಬರೆಯಲಿಲ್ಲವೆಂದು ವೈನಿಯ ಮುಂದೆ ಅಂದಿರಬೇಕು. ಮೂರು ಸಲ ಬರೆಯಲು ಕೂತೆ ಅಣ್ಣ. ಮೊದಲನೆಯದು ಬರೀ ಬೈಗುಳವಾಯಿತು, ಒಲೆಗೆ ಹಾಕಿದೆ. ಎರಡನೆಯದನ್ನು ನಮ್ಮ ಮನೆಯವರು ಓದಿ, "ಇದನ್ನ ಕಳಿಸಿದಿ ಅಂದ್ರ ನಿಮ್ಮಣ್ಣ ಪಂಚಮಿಗೆ ಕರೆಯಾಕ ಬರೂದಿಲ್ಲ ನೋಡು" ಎಂದರು. ಮೂರನೆಯದರ ಮೇಲೆ ಮಸಿ ಚೆಲ್ಲಿತು. ಇದು ನಾಲ್ಕನೆಯದು. ರಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ, ಯಾಕೆಂದರೆ ಒಳಗೆ ನೀನು ಸಹಿ ಮಾಡಬೇಕಾದ ಫಾರ್ಮ್ ಇದೆ. ಓದುವ ಮೊದಲು ಅದು ಇದೆಯೋ ಇಲ್ಲವೋ ನೋಡು. ಬಿದ್ದುಹೋಗಿದ್ದರೆ ಈಗಲೇ ಪೋಸ್ಟ್‌ಮನ್‌ನನ್ನು ಹಿಡಿದು ಕೇಳು.

ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಹೆಚ್ಚುಕಡಿಮೆ ಬರೆದಿದ್ದರೆ ತಿದ್ದಿಕೊಂಡು ಓದು. ಸಿಟ್ಟನ್ನು ಮಾತ್ರ ತಿದ್ದಬೇಡ.

ಸಂಕ್ರಾಂತಿಯ ಹೊತ್ತಿಗೆ ಸಾವಿತ್ರೆವ್ವ ಎಂಬವರು ನಮ್ಮ ಮನೆಗೆ ಬಂದಿದ್ದರು. ಜಮಖಂಡಿಯಲ್ಲಿ ಕಾಲೇಜಿನಲ್ಲಿ ಕಲಿಸುತ್ತಾರೆ. ಈ ಕಡೆಯ ಹೆಂಗಸರು ಹಾಡುವ ಬೀಸುವ ಪದಗಳನ್ನು ಕೂಡಿಸಿ ಪುಸ್ತಕ ಮಾಡುತ್ತಾರಂತೆ. ನಾನು ಅವ್ವನ ಪದ ಹನ್ನೊಂದು ಹಾಡಿದೆ. ಬರೆದುಕೊಳ್ಳುತ್ತಿದ್ದವರು ನಡುವೆ ಪೆನ್ನು ನಿಲ್ಲಿಸಿದರು.

"ಅವ್ವಾರ, ಇವನ್ನ ತೇರದಾಳದ ಕಾಮಣ್ಣ ಮಾಸ್ತರರೂ ಹಾಡತಾರ್ರಿ. ನಮ್ಮಪ್ಪ ಕಟ್ಟಿದ್ದು ಅಂತಾರ."

"ಅವರಪ್ಪ ನಮ್ಮ ಪಡಸಾಲ್ಯಾಗ ಭಜನಿಗೆ ಕುಂತು, ಒಳಗ ಅವ್ವ ಬೀಸೂದನ್ನ ಕೇಳಿ ಕಲತಾಂವ್ರೀ" ಎಂದೆ.

"ನಾ ನಂಬತೇನಿ. ಆದ್ರ ಅಚ್ಚಿಗೆ ಹಾಕಿದ ಮ್ಯಾಲ ನಾಕು ಮಂದಿ ಕೇಳತಾರ. ಬರದಿಟ್ಟದ್ದು ಏನರ ಐತೇನ್ರಿ? ಯುಗಾದಿ ಒಳಗ ತೋರಿಸಿದರ ನಿಮ್ಮ ಅವ್ವಾರ ಹೆಸರು. ಇಲ್ಲಂದ್ರ ನಂಗ ಬ್ಯಾರೆ ದಾರಿ ಇಲ್ಲ, ಮಾಸ್ತರರ ಅಪ್ಪನ ಹೆಸರು ಹಾಕೂದಽ."

ಬರೆದಿಟ್ಟದ್ದು ಇತ್ತು. ನಿನಗೂ ಗೊತ್ತು, ನನಗೂ ಗೊತ್ತು. ಅವ್ವನ ಅಪ್ಪ, ನಮ್ಮ ಮುತ್ಯಾ ಬಸಗೊಂಡಪ್ಪ ಜಮಖಂಡಿ ಸಂಸ್ಥಾನದಲ್ಲಿ ಕಾರಕೂನ. ಅಲ್ಲಿಯ ಕಚೇರಿಯೆಲ್ಲ ಮರಾಠಿ, ಬರೆಯುವ ಅಕ್ಷರ ಮೋಡಿ. ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಆತ ಕಲಿಸಿದ್ದೂ ಅದೇ ಮೋಡಿ. ಕನ್ನಡದ ಅಕ್ಷರ ಅವ್ವನಿಗೆ ಒಂದೂ ಬರುತ್ತಿರಲಿಲ್ಲ. ಹೀಗಾಗಿ ಕನ್ನಡದಲ್ಲಿ ಪದ ಕಟ್ಟಿ ಮೋಡಿಯಲ್ಲಿ ಬರೆದಿಡುತ್ತಿದ್ದಳು. ನನ್ನನ್ನು ಸಾಲಿ ಬಿಡಿಸಿ ಕಂಡಿಕೆಗೆ ನೂಲು ಸುತ್ತಲು ಕೂಡಿಸಿದ ವರ್ಷ, ಮಧ್ಯಾಹ್ನ ಮಗ್ಗದ ಸಪ್ಪಳ ನಿಂತಾಗ, ನನ್ನ ಕೈ ಹಿಡಿದು ಅದನ್ನೇ ಕಲಿಸಿದಳು. ನೀನು ಆಗ ಹೈಸ್ಕೂಲಿಗೆ ಹೋಗುತ್ತಿದ್ದೆ. "ಅವ್ವ ಹಾಲಿನ ಲೆಕ್ಕಾ ಬರ್ಯಾಕತ್ತಾಳ" ಎಂದು ನಗುತ್ತಿದ್ದೆ. ಅವ್ವ ನಿನ್ನ ಮುಂದೆ ಕಾಗದ ಮಡಚಿಬಿಡುತ್ತಿದ್ದಳು.

ಆಕೆ ತೀರಿದ ಎರಡು ವರ್ಷಕ್ಕೆ ಯುನಿವರ್ಸಿಟಿಯವರು ಹಳೆಯ ಕಾಗದ ಹುಡುಕುತ್ತ ಜೀಪಿನಲ್ಲಿ ಬಂದರು, ನೀನು ಮುತ್ಯಾನ, ಅವ್ವನ ಕಾಗದ ಇದ್ದ ಟ್ರಂಕನ್ನೇ ಎತ್ತಿ ಕೊಟ್ಟೆ. ನಾನು ಪಂಚಮಿಗೆ ಬಂದಾಗ ಟ್ರಂಕಿನ ಜಾಗದಲ್ಲಿ ಜೋಳದ ಚೀಲ ಇತ್ತು. ಕೇಳಿದ್ದಕ್ಕೆ, "ಮುತ್ಯಾನ ಕಾಗದ ದೊಡ್ಡ ಜಾಗಾಕ್ಕ ಹ್ವಾದುವು ಬಿಡವಾ, ಇಲ್ಲಿ ಹುಳಾ ತಿಂತಿದ್ದುವು" ಎಂದೆ. ಹದಿನೆಂಟು ವರ್ಷ ನಾನು ಬಾಯಿ ಬಿಡಲಿಲ್ಲ. ಇದು ನನ್ನ ತಪ್ಪು, ಒಪ್ಪುತ್ತೇನೆ.

ಕಳೆದ ತಿಂಗಳು ಆ ಯುನಿವರ್ಸಿಟಿಗೆ ಒಬ್ಬಳೇ ಹೋದೆ. ಬಸ್ಸು ಎರಡು ಸಲ ಬದಲಿಸಬೇಕು. ತಪ್ಪಿದರೆ ಹೇಗೆ, ಮನೆಯಲ್ಲಿ ಒಲೆ ಆರಿಸಿದೆನೋ ಇಲ್ಲವೋ, ಆ ದೊಡ್ಡ ಕಟ್ಟಡದಲ್ಲಿ ಚಪ್ಪಲಿ ಎಲ್ಲಿ ಬಿಡಬೇಕೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಹೋದೆ. ಆ ಊರಿನ ಮಠದ ದಾಸೋಹದಲ್ಲಿ ಮೂರು ದಿನ ಉಂಡೆ, ಅಲ್ಲಿಯೇ ಮಲಗಿದೆ.

ಹಸ್ತಪ್ರತಿಗಳ ಕೋಣೆ ಗ್ರಂಥಾಲಯದ ಹಿಂದಿನ ಮಹಡಿಯಲ್ಲಿದೆ. ಬಾಗಿಲಲ್ಲೇ ತಡೆದರು. ಸಾವಿತ್ರೆವ್ವನವರು ಕೊಟ್ಟ ಪತ್ರ ತೋರಿಸಿದೆ. ಚೀಲ ಹೊರಗೆ, ಪೆನ್ನು ಹೊರಗೆ, ಎಲೆ ಅಡಿಕೆ ಹೊರಗೆ. ಬರೆದುಕೊಳ್ಳಲು ಒಂದು ಪೆನ್ಸಿಲ್ ಕೊಟ್ಟರು. ಒಳಗೆ ಉದ್ದನೆಯ ಡ್ರಾಯರುಗಳಲ್ಲಿ ಚೀಟಿಗಳು, ಒಂದೊಂದು ಹೊತ್ತಿಗೆಗೆ ಒಂದೊಂದು ಚೀಟಿ, ಅದಕ್ಕೆ ಅಲ್ಲಿ ಕಾರ್ಡು ಎನ್ನುತ್ತಾರೆ. ಹಾಲವ್ವ ಎಂದು ಹುಡುಕಿದೆ. ಬೀಸುವ ಪದ ಎಂದು ಹುಡುಕಿದೆ. ರಬಕವಿ ಎಂದು ಹುಡುಕಿದೆ. ಎರಡು ದಿನ ನಿಂತು ಕಾಲು ಬಾತವು. ಅಲ್ಲಿಯ ಗುಮಾಸ್ತ ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು ಬಂದ.

"ಅವ್ವಾರ, ಹೆಣ್ಮಕ್ಕಳ ಹೆಸರಿನ್ಯಾಗ ನಮ್ಮಲ್ಲಿ ಬಾಳ ಇಲ್ರಿ. ಅವರು ಬಾಯಾಗ ಹಾಡತಿದ್ರು, ಬರೀತಿದ್ದಿಲ್ಲ."

"ನೀವು ನಮ್ಮ ಮನಿಗೆ ಬಂದು ನೋಡಿದ್ರೇನ್ರಿ?" ಎಂದೆ. ಸಿಟ್ಟಿಗೆ ದನಿ ಏರಿತು. ಎಲ್ಲರೂ ತಿರುಗಿ ನೋಡಿದರು. ಆಮೇಲೆ ರಾತ್ರಿಯೆಲ್ಲ, ನಾಳೆ ಒಳಗೆ ಬಿಡದಿದ್ದರೆ ಎಂದು ಹೆದರಿದೆ.

ದಾರಿ ತೋರಿಸಿದವನು ಆ ಗುಮಾಸ್ತನಲ್ಲ. ಗಂಟು ಎತ್ತಿ ಇಡುವ ನಾಮದೇವ ಎಂಬ ಆಳು. ಮೂರನೆಯ ದಿನ ನೀರು ಕುಡಿಯುವಲ್ಲಿ ಕೇಳಿದ, "ಯಕ್ಕಾ, ಏನ ಹುಡಕಾಕತ್ತೀರಿ ಎರಡ ದಿನದಿಂದ? ಬರದವರ ಹೆಸರು ಬಿಡ್ರಿ. ಕೊಟ್ಟವರು ಯಾರು, ಯಾವ ವರ್ಷ ಕೊಟ್ರು, ಅದನ್ನ ಹೇಳ್ರಿ. ಒಳಗ ಬಂದದ್ದೆಲ್ಲಾ ಕೊಟ್ಟವರ ಹೆಸರಿಲೆ ಬಂದಿರತೈತಿ."

ನಿನ್ನ ಹೆಸರು ಹೇಳಿದೆ. ೧೯೬೯ರ ದಾನದ ರಿಜಿಸ್ಟರು ತೆಗೆಸಿದ. ಹತ್ತು ನಿಮಿಷ ಹಿಡಿಯಲಿಲ್ಲ. ನಿನ್ನ ಹೆಸರಿನ ಪಕ್ಕದಲ್ಲಿ ನೀನೇ ಬರೆದ ಪತ್ರ ಅಂಟಿಸಿಟ್ಟಿದ್ದಾರೆ. ನಿನ್ನ ಅಕ್ಷರ ನನಗೆ ಗುರುತು ಸಿಗದೆ ಇರುತ್ತದೆಯೇ? ಅದರಲ್ಲಿ ಇದ್ದದ್ದನ್ನು ಪೆನ್ಸಿಲ್ಲಿನಲ್ಲಿ ಇಳಿಸಿಕೊಂಡು ಬಂದೆ. ನೀನೇ ಓದು:

"ಇವು ನಮ್ಮ ತಾಯಿಯ ತಂದೆ ದಿ. ಬಸಗೊಂಡಪ್ಪನವರು, ಜಮಖಂಡಿ ಸಂಸ್ಥಾನದ ಕಾರಕೂನರು, ಸ್ವಹಸ್ತದಿಂದ ಬರೆದ ಕಚೇರಿ ಕಾಗದಪತ್ರಗಳು. ಮನೆಯಲ್ಲಿ ಇವರ ಹೊರತು ಮೋಡಿ ಬಲ್ಲವರು ಯಾರೂ ಇರಲಿಲ್ಲ."

ಯಾರೂ ಇರಲಿಲ್ಲ! ಅಣ್ಣ, ಯಾರೂ ಇರಲಿಲ್ಲವೇ? ಉಣ್ಣುವಾಗ ನಿನ್ನ ತಾಟಿನ ಪಕ್ಕದಲ್ಲಿ ಕೂತು ದೌತಿಯ ಮಸಿಯಲ್ಲಿ ಟಾಕು ಅದ್ದಿ ಬರೆಯುತ್ತಿದ್ದವಳು ಯಾರು? ಹಾಲಿನ ಲೆಕ್ಕ ಎಂದು ನೀನು ನಗುತ್ತಿದ್ದದ್ದು ಯಾರನ್ನು? ನಿನಗೆ ಮೋಡಿ ಓದಲು ಬರುತ್ತಿರಲಿಲ್ಲ, ಅದು ತಪ್ಪಲ್ಲ. ಮೋಡಿ ಕಂಡರೆ ಕಚೇರಿ ಎಂದು ನಮ್ಮ ಕಡೆಯವರೆಲ್ಲ ತಿಳಿಯುತ್ತಾರೆ, ಅದೂ ತಪ್ಪಲ್ಲ. ಆದರೆ ನನ್ನನ್ನು ಒಂದು ಮಾತು ಕೇಳಬಹುದಿತ್ತು. ಬೀಳಗಿಗೂ ರಬಕವಿಗೂ ಸಮುದ್ರ ಅಡ್ಡ ಇಲ್ಲ. ಸಂಸ್ಥಾನದ ಕಾರಕೂನರ ಮೊಮ್ಮಗ ಎಂದು ಅವರ ಮುಂದೆ ಹೇಳಿಕೊಳ್ಳುವುದು ನಿನಗೆ ಬೇಕಿತ್ತು. ಬೀಸುವವಳ ಮಗ ಎಂದರೆ ಕಡಿಮೆಯಾಗುತ್ತಿತ್ತು.

ಅವರೂ ನೀನು ಬರೆದದ್ದನ್ನೇ ನಂಬಿ, ಮರಾಠಿ ಕಾಗದಗಳ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದಾರೆ. ಅಲ್ಲಿ ಬಟ್ಟೆಯಲ್ಲಿ ಕಟ್ಟಿದ ಗಂಟಿಗೆ ರುಮಾಲು ಎನ್ನುತ್ತಾರೆ. ನಮ್ಮದು ಒಂಬತ್ತನೆಯ ರುಮಾಲು. ಮೋಡಿ ಓದುತ್ತಿದ್ದ ಒಬ್ಬ ಮಾಸ್ತರರು ಇದ್ದರಂತೆ, ರಿಟೈರಾಗಿ ಹೋದರು. ಅವರ ಬಳಿಕ ಅದನ್ನು ಯಾರೂ ಬಿಚ್ಚಿಲ್ಲ. ನಾಮದೇವ ಮೇಜಿನ ಮೇಲೆ ಇಟ್ಟು ಗಂಟು ಬಿಚ್ಚಿದ. ಮೇಲೆ ಮುತ್ಯಾನ ಲೆಕ್ಕದ ಹಾಳೆ ಇದ್ದವು, ನಿಜ. ಅವುಗಳ ಕೆಳಗೆ ಅವ್ವನ ಸಣ್ಣ, ಒಂದಕ್ಕೊಂದು ಆತುಕೊಂಡ ಅಕ್ಷರ. ನಾನು ಎಲ್ಲಿದ್ದೇನೆಂಬುದನ್ನೇ ಮರೆತು ಗಟ್ಟಿಯಾಗಿ ಓದಿದೆ, ಓದುತ್ತ ಹಾಡಿಯೇಬಿಟ್ಟೆ:

ಒಂದ್ಹಿಡಿ ಜ್ವಾಳಕ್ಕ ಒಂದಕ್ಷರ ಕಲತೇನ
ಗುಂಡಗಲ್ಲ ಬೀಸೂದ್ರಾಗ ಹೊತ್ತಗಿ | ತುಂಬ್ಯಾವ
ಕಂಡವರ ಯಾರೋ ಶಿದರಾಮ

ಗುಮಾಸ್ತ ಓಡಿ ಬಂದ. "ಅವ್ವಾರ, ಇಲ್ಲಿ ಸಪ್ಪಳ ಮಾಡಬಾರ್ದು!"

ನಾಮದೇವ ಅಂದ, "ಸಾಹೇಬ್ರ, ಇದು ಮರಾಠಿ ಅಲ್ರಿ. ಕನ್ನಡ ಐತಿ. ನಮ್ಮವ್ವನೂ ಇಂಥಾವ ಹಾಡತಿದ್ಳು."

"ಕಾರ್ಡಿನ್ಯಾಗ ಮರಾಠಿ ಅಂತ ಐತಲ್ಲೋ."

"ಕಾರ್ಡು ಹಾಡೂದಿಲ್ರಿ" ಎಂದೆ ನಾನು. "ನಾ ಹಾಡಾಕತ್ತೇನಿ, ಕೇಳ್ರಿ."

ಆತ ಕನ್ನಡಕ ಇಳಿಸಿ ನನ್ನ ಬೆರಳು ಹೋದ ಕಡೆ ನೋಡುತ್ತ ನಿಂತ. ಇನ್ನೊಂದು ಓದಿಸಿದ. ಮತ್ತೊಂದು ಓದಿಸಿದ. "ಶಿದರಾಮ ಅಂದ್ರ ದೇವರೇನ್ರಿ?" ಎಂದು ನಾಮದೇವ ಕೇಳಿದ. "ದೇವರೆಲ್ಲಿ ಬಂದ? ನಮ್ಮಣ್ಣ. ಬೀಳಗ್ಯಾಗ ಹೆಡ್‌ಕ್ಲಾರ್ಕ್ ಅದಾನ" ಎಂದೆ. ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ಸಂಜೆ ಐದರ ತನಕ ಇಳಿಸಿಕೊಂಡೆ. ಅವ್ವನ ಇಪ್ಪತ್ಮೂರು ಪದ ಕನ್ನಡಕ್ಕೆ ಬಂದಿವೆ. ಸಾವಿತ್ರೆವ್ವನವರಿಗೆ ತೋರಿಸಿದೆ. ಅವರು ಕೈ ಹಿಡಿದುಕೊಂಡರು. ಆದರೆ ಕಾರ್ಡಿನಲ್ಲಿ ಬರೆದವರು ಬಸಗೊಂಡಪ್ಪ ಎಂದು ಇರುವ ತನಕ ಕಾಮಣ್ಣ ಮಾಸ್ತರರ ಬಾಯಿ ಮುಚ್ಚುವುದಿಲ್ಲವಂತೆ. ಕಾರ್ಡು ತಿದ್ದಬೇಕಾದರೆ ಕೊಟ್ಟವನೇ ಫಾರ್ಮಿನಲ್ಲಿ ಬರೆದುಕೊಡಬೇಕು. ಅದು ಅಲ್ಲಿಯ ನಿಯಮ. ಅಂದರೆ ನೀನು.

ಇಷ್ಟರಲ್ಲಿ ಯಾರ ಬಾಯಿಂದಲೋ ಸುದ್ದಿ ಕೇಳಿ ನೀನು ಹಾಕಿದ ಎರಡನೆಯ ಕಾರ್ಡು ಬಂತು. "ಸತ್ತವರ ಹೆಸರಿನ ಜಗಳ ಯಾಕೆ, ಮುತ್ಯಾ ಆದರೇನು, ಅವ್ವ ಆದರೇನು, ಮನೆತನದ್ದೇ ಅಲ್ಲವೇ" ಎಂದು ಬರೆದಿದ್ದೀ. ಹಾಗಾದರೆ ನಿನ್ನ ಸರ್ವಿಸ್ ಪುಸ್ತಕದಲ್ಲಿ ನಿನ್ನ ಹೆಸರು ಹೊಡೆದು ನಿಮ್ಮ ಸಾಹೇಬರ ಹೆಸರು ಬರೆಯಲಿ, ಅದೂ ಒಂದೇ ಕಚೇರಿಯದ್ದು. ಒಪ್ಪುತ್ತೀಯಾ?

ಫಾರ್ಮಿನಲ್ಲಿ "ಬರೆದವರು: ನಮ್ಮ ತಾಯಿ ಹಾಲವ್ವ" ಎಂದು ಮಾತ್ರ ಬರೆ. ತಂದೆಯವರಿಂದ ಕಲಿತು, ತಂದೆಯವರ ಕೃಪೆಯಿಂದ ಎಂದೆಲ್ಲ ಬಾಲ ಹಚ್ಚಬೇಡ. ಭಾಷೆ ಎಂಬಲ್ಲಿ ಕನ್ನಡ, ಲಿಪಿ ಎಂಬಲ್ಲಿ ಮೋಡಿ. ರುಮಾಲಿನ ನಂಬರು ಮರಾಠಿ ಇತರೆ ೪೧೭, ರುಮಾಲು ೯. ಇದನ್ನು ನಾನು ಬಸ್ ಟಿಕೀಟಿನ ಹಿಂದೆ ಬರೆದುಕೊಂಡೆ, ಅಂಗೈ ಮೇಲೆ ಬರೆದುಕೊಂಡೆ, ಈಗ ಕ್ಯಾಲೆಂಡರಿನ ಮೇಲೂ ಬರೆದಿದ್ದೇನೆ. ನೀನೂ ಎಲ್ಲಾದರೂ ಬರೆದಿಡು. ನಾಮದೇವ ಮೇ ತಿಂಗಳಲ್ಲಿ ರಿಟೈರಾಗುತ್ತಾನೆ. ಆಮೇಲೆ ಬಂದವನು ಬೇರೆ ಕಡೆ ಇಟ್ಟರೆ, ಗೆದ್ದಲು ಹತ್ತಿದರೆ, ಮಳೆಗೆ ಆ ಮಹಡಿ ಸೋರಿದರೆ? ಮೂಲೆಯಲ್ಲಿ ಗೋಡೆ ಹಸಿಯಾಗಿತ್ತು, ನಾನು ಮುಟ್ಟಿ ನೋಡಿದ್ದೇನೆ. ಈ ಚಿಂತೆಗೆ ಉಂಡದ್ದು ಮೈಗೆ ಹತ್ತುತ್ತಿಲ್ಲ.

ಯುಗಾದಿಗೆ ಇನ್ನು ಇಪ್ಪತ್ತು ದಿನವೂ ಇಲ್ಲ. ಕೈಗೆ ಬಂದ ದಿನವೇ ಕಳಿಸು. ಕಳಿಸದಿದ್ದರೆ ನಾನೇ ಬೀಳಗಿಗೆ ಬಂದು ನಿಮ್ಮ ಕಚೇರಿಯ ಕಟ್ಟೆಯ ಮೇಲೆ ಕೂತು ಇಪ್ಪತ್ಮೂರೂ ಹಾಡುತ್ತೇನೆ. ನನ್ನ ಗಂಟಲು ನಿನಗೆ ಗೊತ್ತು.

ವೈನಿಗೆ ನನ್ನ ನಮಸ್ಕಾರ ಹೇಳು, ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಹುಡುಗರು ನೂರು ಕಾಲ ಬಾಳಲಿ. ಹೆಣ್ಣುಮಕ್ಕಳನ್ನು ಸಾಲಿ ಬಿಡಿಸಬೇಡ. ನೀನು ಬಿಸಿಲಲ್ಲಿ ತಿರುಗಬೇಡ, ನಿನ್ನ ರಕ್ತದೊತ್ತಡದ್ದೂ ಒಂದು ಚಿಂತೆ ನನಗೆ.

ನಿನ್ನ ತಂಗಿ
ಇಂದ್ರವ್ವ

ತಾ.ಕ. ಇದನ್ನು ಬರೆಯಬಾರದೆಂದು ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ಅವ್ವ ಪದದ ಕೊನೆಗೆ ದೇವರ ಹೆಸರು ಇಡುತ್ತಿರಲಿಲ್ಲ, ಮನೆಯವರ ಹೆಸರು ಇಡುತ್ತಿದ್ದಳು. ಒಟ್ಟು ಎಪ್ಪತ್ತೊಂದು ಪದ ಇವೆ. ಬರೆದುಕೊಂಡದ್ದು ಇಪ್ಪತ್ಮೂರಾದರೂ ಕೊನೆಯ ಸಾಲು ಎಲ್ಲವುಗಳದ್ದೂ ನೋಡಿದೆ. ನಿನ್ನ ಹೆಸರು ಮೂವತ್ತೆಂಟರಲ್ಲಿ ಇದೆ. ಅಕ್ಕ ತಂಗೆವ್ವನದು ಹದಿನಾಲ್ಕು. ಆರು ತಿಂಗಳಿಗೆ ಕಣ್ಣು ಮುಚ್ಚಿದ ತಮ್ಮ ಮುರಗೆಪ್ಪನದು ಹತ್ತು. ಎಮ್ಮೆ ಗೌರಿಯದು ನಾಲ್ಕು. ಉಳಿದವು ಅಪ್ಪ, ಮುತ್ಯಾ. ನನ್ನದು ಇಲ್ಲ. ಹಾಳೆ ಹೋಗಿರಬಹುದೆಂದು ನಾಮದೇವನಿಂದ ಎರಡು ಸಲ ರುಮಾಲು ಬಿಚ್ಚಿಸಿದೆ. ಹಾಳೆಗೆ ನಂಬರು ಹಾಕಿದ್ದಾರೆ, ಒಂದೂ ಹೋಗಿಲ್ಲ. ಪಕ್ಕದಲ್ಲಿ ಕೂತವಳನ್ನು ಕೂಗಿ ಕರೆಯುವುದು ಬೇಕಿರಲಿಲ್ಲವೇನೋ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತೇನೆ. ಅದು ಒಪ್ಪುವುದಿಲ್ಲ. ಫಾರ್ಮಿನ ಕೆಳಗೆ "ಓದಿ ಗುರುತಿಸಿದವರು" ಎಂದು ಒಂದು ಸಾಲು ಖಾಲಿ ಇದೆ. ಅಲ್ಲಿ ನನ್ನ ಹೆಸರನ್ನು ನೀನು ಬರೆ ಅಣ್ಣ. ನಾನೇ ಬರೆದುಕೊಳ್ಳಲಾರೆ.