ಮಣ್ಣಿಗೆ ಬಂದವರು ಹನ್ನೊಂದು ಮಂದಿ

ನೇಕಾರ ಓಣಿ,
ಫೆಬ್ರವರಿ 31, 2115

ಅನಸೂಯಾ ಮುತ್ತಜ್ಜಿಗೆ ಮರಿಮಗಳು ಕಸ್ತೂರಿಯ ನಮಸ್ಕಾರ.

ಮೇಲಿನ ತಾರೀಖು ನೋಡಿ ನಗಬೇಡ. ಎರಡು ಹಬ್ಬ ಹತ್ತಿರ ಹತ್ತಿರ ಬಂದರೆ ಜನ ಸೇರುತ್ತಾರೆಂದು ನಮ್ಮ ಸರ್ಕಾರದವರು ತಿಂಗಳನ್ನೇ ಹಿಗ್ಗಿಸಿದ್ದಾರೆ. ನನ್ನ ಕೆಲವು ಮಾತುಗಳು ವಿಚಿತ್ರ ಎನಿಸಿದರೆ ಕ್ಷಮಿಸು, ಅವುಗಳ ನಡುವೆಯೇ ಬೆಳೆದವಳು ನಾನು. ಈ ಕಾಗದದ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಈ ಕಾಗದ ಹಿಂದಕ್ಕೆ, ನಿನ್ನ ಕಾಲಕ್ಕೆ ಬಂದು ಮುಟ್ಟುವಾಗ ನಿನಗೆ ನಲವತ್ತೈದು, ಬರೆಯುತ್ತಿರುವ ನನಗೆ ಐವತ್ತೊಂದು. ಹಿರಿಯಳಾಗಿ ಬೈಯುವ ಹಕ್ಕು ನನಗಿದೆ.

ನಮ್ಮಲ್ಲಿ ಯಾರು ಯಾರಿಗೆ ಏನು ಬರೆದರೂ ಅದು ಮೊದಲು ಠಾಣೆಗೆ ಹೋಗುತ್ತದೆ. ಅಲ್ಲಿ ಅದಕ್ಕೊಂದು ಗುಂಪಂಕ ಬೀಳುತ್ತದೆ, ಎಂದರೆ ಈ ಸುದ್ದಿ ಕೇಳಿ ಎಷ್ಟು ಮಂದಿ ಒಂದೆಡೆ ಸೇರಬಹುದು ಎಂಬ ಅಂದಾಜು. ಇಪ್ಪತ್ತರೊಳಗಿದ್ದರೆ ಸುದ್ದಿ ಕೂಡಲೇ ಮುಟ್ಟುತ್ತದೆ. ಹೆಚ್ಚಾದರೆ ಆರಿ ತಣ್ಣಗಾಗುವವರೆಗೆ ಠಾಣೆಯಲ್ಲೇ ತಂಗುತ್ತದೆ. ಹಿಂದಿನ ಕಾಲಕ್ಕೆ ಹೋಗುವ ಈ ಕಾಗದವನ್ನು ಓದುವವಳು ನೀನೊಬ್ಬಳೇ, ಅದಕ್ಕೇ ಇದನ್ನು ಬಿಟ್ಟಿದ್ದಾರೆ. ನಾವು ಇದಕ್ಕೆ ಒಗ್ಗಿಹೋಗಿದ್ದೇವೆ. ನಲ್ಲಿಯಲ್ಲಿ ಕೆಂಪು ನೀರು ಬಂದರೆ ‘ನಮ್ಮ ಮನೆಯಲ್ಲಿ’ ಎಂದು ಬರೆಯುತ್ತೇವೆ, ‘ಓಣಿಯಲ್ಲಿ’ ಎಂದು ಬರೆಯುವುದಿಲ್ಲ. ಮದುವೆಗೆ ಕರೆಯುವಾಗ ‘ಬರದಿದ್ದರೂ ನಡೆಯುತ್ತದೆ’ ಎಂದು ಕೊನೆಗೆ ಸೇರಿಸುತ್ತೇವೆ, ಗುಂಪಂಕ ಇಳಿಯಲಿ ಎಂದು. ‘ಎಲ್ಲರೂ’ ಎಂದು ಬರೆಯಬಾರದೆಂಬುದು ನಮ್ಮ ಮಕ್ಕಳಿಗೆ ಅಕ್ಷರದ ಜೊತೆಗೇ ಗೊತ್ತಾಗುತ್ತದೆ. ಬಾಯಿಮಾತಿನಲ್ಲಿ ತಿಳಿಸೋಣವೆಂದರೆ, ಒಂದೇ ಸುದ್ದಿ ಹೊತ್ತು ಐದಕ್ಕಿಂತ ಹೆಚ್ಚು ಮನೆಗಳ ಬಾಗಿಲು ಬಡಿಯುವುದೂ ಅಪರಾಧ.

ಕಳೆದ ತಿಂಗಳು ನನ್ನ ಅವ್ವ ನೀಲವ್ವ ತೀರಿಕೊಂಡಳು. ನಲವತ್ತು ವರ್ಷ ಸೂಲಗಿತ್ತಿಯಾಗಿದ್ದವಳು, ಈ ಓಣಿಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ತಮ್ಮ ಈರಣ್ಣ ಬರೆದದ್ದು ಇಷ್ಟೇ: ‘ಅವ್ವ ಹೋದ್ಲು. ನಾಳೆ ಮಧ್ಯಾಹ್ನ ಮಣ್ಣು.’ ಗುಂಪಂಕ ಆರುನೂರು ಬಿತ್ತು. ಸುದ್ದಿ ಠಾಣೆಯಲ್ಲೇ ಕುಳಿತಿತು. ಈರಣ್ಣ ಐದು ಮನೆಗೆ ಹೇಳಿ ಬಂದು ಅವ್ವನ ತಲೆಯ ಹತ್ತಿರ ಕುಳಿತನಂತೆ. ಮಣ್ಣಿಗೆ ಬಂದವರು ಹನ್ನೊಂದು ಮಂದಿ. ಕಾರವಾರದಲ್ಲಿದ್ದ ನನಗೆ ಸುದ್ದಿ ಮುಟ್ಟಿದ್ದು ನಾಲ್ಕನೆಯ ದಿನ. ಅದರ ಮೇಲೊಂದು ಮುದ್ರೆ ಇತ್ತು: ‘ಹಳೆಯ ಸುದ್ದಿ, ಅಪಾಯವಿಲ್ಲ.’ ಹೆತ್ತವಳ ಮುಖ ನೋಡಲಿಲ್ಲ ನಾನು, ಒಂದು ಹಿಡಿ ಮಣ್ಣು ಹಾಕಲಿಲ್ಲ.

ಠಾಣೆಗೆ ಹೋಗಿ ಕೂಗಾಡಿದೆ. ಫೌಜದಾರ ಕೆಟ್ಟವನಲ್ಲ, ಕೂರಿಸಿ ನೀರು ಕೊಟ್ಟ. “ಅಕ್ಕಾರ, ಅಷ್ಟ ಮಂದಿ ಕೂಡಿದ್ರ ಏನರ ಆಗತಿತ್ತು. ಈಗ ನೋಡ್ರಿ, ಏನೂ ಆಗಲಿಲ್ಲ” ಎಂದ. ನನ್ನ ಅವ್ವ ಸತ್ತಳು, ಏನೂ ಆಗಲಿಲ್ಲ. ಆ ಮಾತು ನೆನಪಾದಾಗಲೆಲ್ಲ ಮೈ ಉರಿಯುತ್ತದೆ.

ಇದರಲ್ಲಿ ನಿನ್ನ ತಪ್ಪೇನು ಎನ್ನುತ್ತೀಯಾ? ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುವ ನಿನ್ನ ಕಥೆಯನ್ನೇ ಹೇಳುತ್ತೇನೆ, ಕೇಳು. ‘ಓಣಿ ಬಳಗ’ ಎಂಬ ವಾಟ್ಸಾಪ್ ಗುಂಪಿಗೆ ನೀನು ಅಡ್ಮಿನ್. ಪಕ್ಕದ ಊರಿನಲ್ಲಿ ಸುಳ್ಳು ಸುದ್ದಿ ನಂಬಿ, ಮಕ್ಕಳ ಕಳ್ಳನೆಂದು ಒಬ್ಬನನ್ನು ಹೊಡೆದು ಕೊಂದರು. ಆಗ ಠಾಣೆಯವರು ತಮ್ಮವನೊಬ್ಬ ಮೂರು ತಿಂಗಳು ನಿಮ್ಮ ಗುಂಪಿನಲ್ಲಿರಲಿ ಎಂದರು, ನೀನು ಸೇರಿಸಿದೆ. ಮರುವಾರವೇ ನಮ್ಮ ಓಣಿಯವರೂ ಚಾಪೆ ಮಾರುವವನೊಬ್ಬನನ್ನು ಕಂಬಕ್ಕೆ ಕಟ್ಟಿದರು. ಗುಂಪಿನಲ್ಲಿ ಫೋಟೋ ಕಂಡ ಕಾನ್‌ಸ್ಟೇಬಲ್ ಸಂಗಪ್ಪ ತಳವಾರ ಹತ್ತು ನಿಮಿಷದಲ್ಲಿ ಓಡಿಬಂದು ಅವನ ಜೀವ ಉಳಿಸಿದ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಅಂದು ಅವನಿಲ್ಲದಿದ್ದರೆ ನಾವು ಕೊಲೆಗಾರರ ಮೊಮ್ಮಕ್ಕಳಾಗುತ್ತಿದ್ದೆವು.

ಈ ಕಾಗದ ಸೇರುವ ಹೊತ್ತಿಗೆ ಆ ಮೂರು ತಿಂಗಳು ಮುಗಿಯಲು ಇನ್ನೊಂದು ವಾರವಿರುತ್ತದೆ. ಅವಧಿ ಮುಗಿದ ದಿನ ನೀನೇನು ಮಾಡುತ್ತೀ ಎಂಬುದು ನನಗೆ ಗೊತ್ತು. “ಇದ್ರ ಇರ್ಲಿ ಬಿಡ್ರಿ, ಜೀವಾ ಉಳಿಸಿದ ಮನಷ್ಯಾಗ ಹೋಗಂತ ಹ್ಯಾಂಗ ಅನ್ನೂದು?” ಎನ್ನುತ್ತೀ. ಮನೆಗೆ ಬಂದವರನ್ನು ಏಳಿ ಎನ್ನಲಾಗದ ದಾಕ್ಷಿಣ್ಯ ನಿನ್ನದು. ಸಂಗಪ್ಪ ಯುಗಾದಿಗೆ ಶುಭಾಶಯ ಕಳಿಸುತ್ತಾನೆ, ನೀವೆಲ್ಲ ಕೈಮುಗಿಯುತ್ತೀರಿ. ಅವನಿಗೆ ವರ್ಗವಾಗಿ ಇನ್ನೊಬ್ಬ ಬರುತ್ತಾನೆ, ಅವನ ಹೆಸರು ನಿಮಗೆ ಗೊತ್ತಿರುವುದಿಲ್ಲ. ಅವನ ನಂತರ ಬರುವುದು ಮನುಷ್ಯನಲ್ಲ, ಯಂತ್ರ. ಎಲ್ಲ ಓಣಿಗಳಲ್ಲೂ ನಿನ್ನಂಥ ಒಳ್ಳೆಯವರೇ ಇದ್ದರು, ಒಬ್ಬರೂ ಬಾಯಿ ಬಿಡಲಿಲ್ಲ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ಅವ್ವ ಹೇಳುತ್ತಿದ್ದಳು. ನೀವು ಬಸಿರಾದಿರಿ, ಹೆರುತ್ತಿರುವವರು ನಾವು.

ಮುತ್ತಜ್ಜಿ, ನಿನ್ನಲ್ಲಿ ಒಂದೇ ಬೇಡಿಕೆ. ಮೂರು ತಿಂಗಳು ಮುಗಿದ ದಿನ ಸಂಗಪ್ಪನನ್ನು ಮನೆಗೆ ಕರೆ, ಚಹಾ ಮಾಡಿ ಕೊಡು, ಓಣಿಯವರ ಮುಂದೆ ಶಾಲು ಹೊದಿಸು. ಆಮೇಲೆ ಅವನ ಎದುರಿಗೇ ಅವನನ್ನು ಗುಂಪಿನಿಂದ ತೆಗೆ. ಮತ್ತೆ ಸುಳ್ಳು ಸುದ್ದಿ ಬಂದು ಜನ ಇನ್ನೊಬ್ಬನನ್ನು ಹಿಡಿದರೆ, ನೀನೇ ಹೋಗಿ ಅವನಿಗೆ ಅಡ್ಡ ನಿಲ್ಲು. ಅದು ಓಣಿಯವರ ಕೆಲಸ, ಇನ್ನೊಬ್ಬರಿಗೆ ವಹಿಸುವಂಥದ್ದಲ್ಲ.

ಇನ್ನು ಹತ್ತು ವರ್ಷಕ್ಕೆ ನಿನ್ನ ಮಗಳಿಗೆ ಮಗಳು ಹುಟ್ಟುತ್ತಾಳೆ. ಅವಳೇ ನನ್ನ ಅವ್ವ. ಅಂದು ನೀನು ಗುಂಪಿನಲ್ಲಿ ‘ಹೆಣ್ಣು ಹುಟ್ಟ್ಯಾಳ, ಎಲ್ಲಾರೂ ಬರ್ರಿ’ ಎಂದು ಬರೆಯುತ್ತೀ, ಇಡೀ ಓಣಿ ಬಂದು ತೊಟ್ಟಿಲು ತೂಗುತ್ತದೆ. ಅವಳು ಹೋದ ದಿನವೂ ಈರಣ್ಣ ಹಾಗೆಯೇ ಬರೆಯುವಂತಾಗಲಿ.

ನಿನ್ನ ಮರಿಮಗಳು,
ಕಸ್ತೂರಿ