ಬಾಗಿಲು ಮುಚ್ಚಿಕೊಂಡೇ ಒರೆಸಬೇಕು

ಮನೆಯಿಂದ,
ಜನವರಿ 17, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಅಮ್ಮನಿಗೆ,

ನಿನ್ನ ಕ್ಷೇಮ ಕೇಳುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ತಡ ಮಾಡಿದರೆ ಧೈರ್ಯ ಇಳಿದುಹೋಗುತ್ತದೆ. ಕಳೆದ ಚಳಿಗಾಲದಲ್ಲಿ ಅಜ್ಜ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದು ಅವನ ಹಠದಿಂದಲ್ಲ, ನನ್ನಿಂದ. ಚಳಿಯಲ್ಲಿ ಯಾರಿಗೂ ಹೇಳದೆ ಒಬ್ಬನೇ ಸ್ನಾನ ಮಾಡಿದ ಎಂದು ಎಲ್ಲರೂ ಬಯ್ದಿರಲ್ಲ, ನೀನಂತೂ ಹೆತ್ತ ಅಪ್ಪ ಎಂದೂ ನೋಡದೆ ಬಯ್ದೆಯಲ್ಲ, ಅದು ಸುಳ್ಳು. ನೀರು ಹಾಕಿದ್ದು ನಾನು. ಒದ್ದೆ ಮೈಯಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಟವೆಲ್ ತರುತ್ತೇನೆಂದು ಹೊರಟವನು ಬೀದಿಯಲ್ಲಿ ಯಾರದೋ ಹೊಸ ಬೈಕು ನೋಡುತ್ತಾ ಕಾಲು ಗಂಟೆ ನಿಂತುಬಿಟ್ಟೆ. ಬಚ್ಚಲಿನ ಬಾಗಿಲು ಹಾರುಹೊಡೆದಿತ್ತು. ಬಂದು ನೋಡಿದರೆ ಅಜ್ಜನ ತುಟಿ ನೀಲಿ. "ನಿಮ್ಮಮ್ಮನಿಗೆ ನಾನೇ ಏನೋ ಹೇಳ್ಕೋತೀನಿ, ನೀನು ತೆಪ್ಪಗಿರು" ಅಂದ. ಒಂದು ವರ್ಷ ತೆಪ್ಪಗಿದ್ದೆ. ಊರಿಗೆಲ್ಲ ಮುಖಕ್ಕೆ ಹೊಡೆದಂತೆ ನಿಜ ಹೇಳುವವನು ಇದೊಂದನ್ನು ನುಂಗಿಕೊಂಡಿದ್ದೆ.

ನೀನು ಹೇಗಿದ್ದೀಯ? ಕಾರ್ಖಾನೆಯಲ್ಲಿ ದಿನವಿಡೀ ಹೊಲಿಗೆ ಮೆಷಿನ್ ತುಳಿದು ಮೊಣಕಾಲು ನೋಯುತ್ತದೆ ಎಂದಿದ್ದೆ, ಕಡಿಮೆಯಾಯಿತೇ? ಹಾಸ್ಟೆಲಿನಲ್ಲಿ ಬಿಸಿನೀರು ಬರುತ್ತದೆಯೇ? ಬಂದರೆ ಸ್ನಾನ ಮುಗಿಸಿ ಹೇಗೆ ಹೊರಗೆ ಬರುತ್ತೀಯ? ಸುಮ್ಮನೆ ಕೇಳುತ್ತಿಲ್ಲ, ಮುಂದೆ ಓದು.

ಅಮ್ಮ, ಅಜ್ಜ ಸ್ನಾನ ಮಾಡಿದ. ಹೋದ ಭಾನುವಾರ ಒಮ್ಮೆ, ಬುಧವಾರ ಒಮ್ಮೆ, ಇವತ್ತು ಒಮ್ಮೆ. ನೀನು ನಂಬುವುದಿಲ್ಲ ಅಂತ ಗೊತ್ತು. ಆಸ್ಪತ್ರೆಯಿಂದ ಬಂದ ಮೇಲೆ ಚಳಿ ಶುರುವಾಯಿತೆಂದರೆ ಅವನು ಬಚ್ಚಲಿನ ಕಡೆ ತಲೆ ಹಾಕುತ್ತಿರಲಿಲ್ಲ. ಕರೆದರೆ, "ನನ್ನ ಕೊನೇ ಸ್ನಾನ ಹೇಗೂ ನೀವೇ ಮಾಡಿಸ್ತೀರಿ, ಅಲ್ಲೀತನಕ ಪುರುಸೊತ್ತು ಕೊಡಿ" ಅನ್ನುತ್ತಿದ್ದ. ಬೆನ್ನೆಲ್ಲ ತುರಿಸಿ ಕೆಂಪಗಾಗಿತ್ತು. ನೋಡಿದಾಗಲೆಲ್ಲ ನನ್ನ ಕೈಯೇ ಕೆರೆದ ಹಾಗೆ ಅನ್ನಿಸುತ್ತಿತ್ತು.

ದಾರಿ ತೋರಿಸಿದ್ದು ನಮ್ಮ ಬಚ್ಚಲಿನ ಹಾಳು ಚಿಲಕ. ಒಂದು ದಿನ ನಾನು ಸ್ನಾನ ಮುಗಿಸಿದಾಗ ಅದು ಸಿಕ್ಕಿಹಾಕಿಕೊಂಡಿತು. ಅಪ್ಪ ಬಂದು ಬಿಡಿಸುವವರೆಗೆ ಮಾಡುವುದೇನು? ಆ ಹಬೆಯಲ್ಲೇ ಮೈ ಒರೆಸಿಕೊಂಡೆ, ಅಲ್ಲೇ ಬಟ್ಟೆ ಹಾಕಿಕೊಂಡೆ. ಹೊರಗೆ ಬಂದರೆ ಒಲೆಯಿಂದ ಆಗಷ್ಟೇ ತೆಗೆದ ರೊಟ್ಟಿಯ ಹಾಗೆ ಬೆಚ್ಚಗಿದ್ದೇನೆ. ಆಗ ಹೊಳೆಯಿತು. ನಮ್ಮ ಮನೆಯಲ್ಲಿ ಎಲ್ಲ ತಿರುಗುಮುರುಗು. ಬಣ್ಣ ಹೊಡೆಯುವವನ ಮನೆಯಲ್ವಾ? "ನಲ್ಲಿ ನಿಲ್ಲಿಸಿದ ಕೂಡ್ಲೇ ಬಾಗಿಲು ತೆಗೀರೋ, ಗೋಡೆ ಬೆವರುತ್ತೆ" ಎಂದು ಅಪ್ಪ ಕೂಗಿದ್ದನ್ನು ಕೇಳಿಯೇ ನಾವು ಬೆಳೆದದ್ದು. ಗೋಡೆಗೆ ಬೆವರು ಬಾರದಿರಲಿ ಎಂದು ನಾವು ಇಷ್ಟು ವರ್ಷ ಒದ್ದೆ ಮೈಯಲ್ಲಿ ಗಾಳಿಗೆ ನಿಂತು ನಡುಗಿದ್ದೇವೆ, ಅದೇ ಸ್ನಾನ ಅಂದುಕೊಂಡಿದ್ದೇವೆ.

ಅಪ್ಪನಿಗೆ ಹೇಳಿದರೆ, "ಸ್ಕೂಲು ಬಿಟ್ಟಿದ್ದು ಸಾಲ್ದು ಅಂತ ನನ್ನ ಗೋಡೇನೂ ಹಾಳು ಮಾಡ್ತೀಯಾ?" ಅಂದ. ಅಜ್ಜ ಮಾತ್ರ ಬಹಳ ಹೊತ್ತು ನನ್ನ ಮುಖ ನೋಡಿದ. "ಬಾಗಿಲು ಮುಚ್ಚು, ಬೇಡ ಅನ್ನಲ್ಲ. ಆದ್ರೆ ನೀನೂ ಒಳಗೇ ಇರ್ಬೇಕು" ಅಂದ. ನನಗೆ ತಲೆ ಎತ್ತಲಾಗಲಿಲ್ಲ.

ಹೋದ ಭಾನುವಾರ ಅವನು ಒಳಗೆ ಬರುವ ಮೊದಲೇ ಬಿಸಿನೀರು ಬಿಟ್ಟು ಬಚ್ಚಲು ಬೆಚ್ಚಗೆ ಮಾಡಿದೆ. ಎರಡು ಟವೆಲ್, ಬನಿಯನ್, ಸ್ವೆಟರ್, ಕಾಲುಚೀಲ ಎಲ್ಲ ಮೊದಲೇ ಒಳಗೆ, ಮೊಳೆಗೆ ನೇತುಹಾಕಿ. ನೀರು ನಿಲ್ಲಿಸಿದ ಮೇಲೆ ಬಾಗಿಲು ಮುಟ್ಟಲೇ ಇಲ್ಲ. ಮೊದಲು ತಲೆ ಒರೆಸಿ ಒಂದು ಟವೆಲ್ ಸುತ್ತಿದೆ, ಇನ್ನೊಂದರಲ್ಲಿ ಮೈ. ಬೆರಳ ಸಂದು ಬಿಡಲಿಲ್ಲ. ತಣ್ಣನೆಯ ನೆಲಕ್ಕೆ ಪಾದ ತಾಗದಂತೆ ಮಣೆ ಇಟ್ಟಿದ್ದೆ. ಅಜ್ಜ ಪೂರ್ತಿ ಹೊತ್ತು ನನ್ನ ತೋಳು ಬಿಡಲಿಲ್ಲ, ಈಗಲೂ ಉಗುರಿನ ಗುರುತಿದೆ. ಕಾಲುಚೀಲ ಹಾಕುವಾಗ ಹಿಡಿತ ಸಡಿಲವಾಯಿತು. "ಏನೋ ಬುಗುರಿ, ಒಂದೇ ಕಡೆ ಇಷ್ಟು ಹೊತ್ತು ನಿಂತಿದ್ದೀಯಲ್ಲೋ, ಮೈಗೆ ಹುಷಾರಿಲ್ವಾ?" ಅಂದ.

ಹೊರಗೆ ಬಂದಾಗ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ಮೊದಲು ನೋಡಿದ್ದು ಗೋಡೆಯನ್ನು. ಅಂಗೈ ಅಗಲ ಬಣ್ಣ ಉಬ್ಬಿತ್ತು. ಆಮೇಲೆ ಬಗ್ಗಿ ಕಾಲುಚೀಲದೊಳಗೆ ಬೆರಳು ತೂರಿಸಿ ಅಜ್ಜನ ಪಾದ ಮುಟ್ಟಿದ. ಹಾಗೇ ಹಿಡಿದುಕೊಂಡು, "ಬೆಚ್ಚಗಿದೆ ಮಾವ" ಅಂದ. ಎದ್ದು ಉಬ್ಬಿದ ಬಣ್ಣವನ್ನು ಉಗುರಲ್ಲಿ ಕೆರೆದು, "ಗೋಡೆಗೆ ಇನ್ನೊಂದು ಕೋಟ್ ಹೊಡೆದ್ರಾಯ್ತು." ಇವತ್ತು ಅಪ್ಪನೇ ಒರೆಸಿದ, ನಾನು ಬರೀ ನೋಡಿಕೊಂಡೆ. ಅಳಿಯ ಒರೆಸುವುದಲ್ಲ, ತನಗೆ ಬಣ್ಣ ಬಳಿಯುತ್ತಾನೆ ಎಂದು ಅಜ್ಜನ ದೂರು. ಆದರೆ ಈಗ ಸ್ವೆಟರ್ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದಾನೆ.

ನನ್ನನ್ನು ಎಷ್ಟು ಬೇಕಾದರೂ ಬಯ್ಯಿ. ಆದರೆ ಅಜ್ಜನಿಗೆ ಬೇರೆ ಕಾಗದ ಬರೆ, ಅವನದು ತಪ್ಪಿರಲಿಲ್ಲ ಅಂತ. ಮುಂದುಗಡೆ ಗುಂಡಿ ಇರುವ ದಪ್ಪ ನಿಲುವಂಗಿ ಒಂದನ್ನು ಹೊಲಿದು ಕಳಿಸು, ತಲೆಯ ಮೇಲಿಂದ ಹಾಕಲು ಅವನ ತೋಳು ಏಳುವುದಿಲ್ಲ. ಮೊಣಕಾಲು ಜೋಪಾನ.

ನಿನ್ನ ಮಗ,
ಬುಗುರಿ

ಮರೆತೆ: ಪಕ್ಕದ ಮನೆ ನರ್ಸಕ್ಕ ಇದನ್ನೆಲ್ಲ ಕೇಳಿ ನನ್ನನ್ನು ತಾನು ಕೆಲಸ ಮಾಡುವ ವೃದ್ಧಾಶ್ರಮಕ್ಕೆ ಕರೆದೊಯ್ದಳು. ಗುಡ್ಡದ ಮೇಲಿದೆ, ಇಲ್ಲಿಗಿಂತ ಚಳಿ. ಅಲ್ಲಿನ ದೊಡ್ಡ ಮೇಡಂ ಎಷ್ಟು ಓದಿದ್ದೀಯ ಎಂದರು, ಒಂಬತ್ತು, ಅದೂ ಅರ್ಧ ಅಂದೆ. ಅನುಭವ ಎಂದರು, ಒಬ್ಬರಿಗೆ ಸ್ನಾನ ಮಾಡಿಸಿದ್ದೇನೆ, ಅವರನ್ನೇ ಒಮ್ಮೆ ಆಸ್ಪತ್ರೆಗೂ ಸೇರಿಸಿದ್ದೇನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನರ್ಸಕ್ಕ ತಲೆ ಚಚ್ಚಿಕೊಂಡಳು. ಮೇಡಂ ನಕ್ಕು, "ಇಲ್ಲಿ ಮೂವತ್ತೆರಡು ಜನ ಇದ್ದಾರಪ್ಪ" ಅಂದರು. ಕೆಲಸ ಕೊಟ್ಟಿದ್ದಾರೆ. ಅಪ್ಪ, ಅಜ್ಜ ಇಬ್ಬರೂ ಒಪ್ಪಿದ್ದಾರೆ. ನಾಳೆ ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಡುತ್ತಿದ್ದೇನೆ.